ಎರಡು ಸಲ ಓಡಿಸಿದ ಸುರುಳಿ

ಟಾರ್ನೆಸ್, ಮಿನೆಸೋಟ
ಸೆಪ್ಟೆಂಬರ್ 9, 1991

ಪ್ರೀತಿಯ ಆರ್ಡಿತ್ ಅಕ್ಕ,

ಫೋನ್ ಮಾಡದೆ ಕಾಗದ ಬರೆಯುತ್ತಿದ್ದಾಳಲ್ಲ, ಏನು ಕೇಡಾಯಿತೋ ಎಂದು ಗಾಬರಿಯಾಗಬೇಡ. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಫೋನಿನಲ್ಲಿ ನೀನು ಅರಿಜೋನದ ಬಿಸಿಲಿನ ವಿಷಯ ಹೇಳುತ್ತೀಯ, ನಾನು ಇಲ್ಲಿಯ ಚಳಿಯ ವಿಷಯ ಹೇಳುತ್ತೇನೆ, ಅಷ್ಟು ಹೊತ್ತಿಗೆ ಸರಿಯಾಗಿ ನಿನ್ನ ಒಲೆಯ ಮೇಲೆ ಏನೋ ಉಕ್ಕುತ್ತದೆ. ಇಪ್ಪತ್ತು ವರ್ಷದಿಂದ ಅದೇನು ಉಕ್ಕುತ್ತಿದೆಯೋ ದೇವರಿಗೇ ಗೊತ್ತು. ಊರಿನವರಿಗೆಲ್ಲ ಬಂದ ಕಾಗದ ವಿಂಗಡಿಸುವುದೇ ನನ್ನ ಕೆಲಸ. ಅದರಲ್ಲಿ ಒಡಹುಟ್ಟಿದವಳದೊಂದು ಇರುವುದಿಲ್ಲ ಎಂದರೆ ನನಗೂ ಒಂದು ಥರ ಆಗುತ್ತದೆ.

ವಿಷಯ ಏನೆಂದರೆ ಅಪ್ಪನ ಫಿಲ್ಮುಗಳು ಸಿಕ್ಕಿವೆ! ಅಮ್ಮ ಚರ್ಚಿನ ಪಕ್ಕದ ಫ್ಲ್ಯಾಟಿಗೆ ಹೋದ ಮೇಲೆ ನಾನೂ ವರ್ನನೂ ಗಂಡ ಹೆಂಡತಿ ಸೇರಿ ಹಳೆಯ ಮನೆಯ ನೆಲಮಾಳಿಗೆ ಖಾಲಿ ಮಾಡುತ್ತಿದ್ದೆವು. ಬೂಟಿನ ಡಬ್ಬಗಳಲ್ಲಿ ನಲವತ್ತು ಸುರುಳಿ. ಎಲ್ಲದರ ಮೇಲೂ ಅಪ್ಪನ ಇರುವೆ ಸಾಲಿನಂಥ ಅಕ್ಷರದಲ್ಲಿ ವರ್ಷ, ತಿಂಗಳು. ಪ್ರೊಜೆಕ್ಟರ್ ಇನ್ನೂ ಓಡುತ್ತದೆ, ಸ್ವಲ್ಪ ಸುಟ್ಟ ಧೂಳಿನ ವಾಸನೆ, ಅಷ್ಟೆ. ವರ್ನ್ ಗೋಡೆಗೆ ಹಾಸಿಗೆ ಬಟ್ಟೆ ಕಟ್ಟಿದ. ಮೂರು ಸಂಜೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಅಯ್ಯೋ ಅಕ್ಕ, ನಾವು ಎಷ್ಟು ಚೆನ್ನಾಗಿದ್ದೆವು! ಅಮ್ಮ ಬಟ್ಟೆ ಒಣಹಾಕುತ್ತಾ, ಮುಖಕ್ಕೆ ಕೈ ಅಡ್ಡ ಹಿಡಿದು ಅಪ್ಪನನ್ನು ಬೈಯುವುದು. ನಾನು ಹುಲ್ಲಿಗೆ ನೀರು ಚಿಮ್ಮಿಸುವ ಕೊಳವೆಯ ಮೇಲೆ ಹಾರುವುದು. ನೀನು ಹಸಿರು ಪ್ಲಿಮತ್ ಕಾರಿನ ಬಾನೆಟ್ ಮೇಲೆ ಕೂತು ಉಗುರಿಗೆ ಬಣ್ಣ ಹಚ್ಚುವುದು, ಅಪ್ಪ ಹತ್ತಿರ ಬಂದದ್ದೇ ಕೈ ಬೆನ್ನ ಹಿಂದೆ! ಈಸ್ಟರ್ ದಿನ ಚರ್ಚಿನಿಂದ ಹ್ಯಾಟು ಹಾಕಿಕೊಂಡು ಬರುವ ಹೆಂಗಸರ ಮೆರವಣಿಗೆ. ಫಿಲ್ಮಿನಲ್ಲಿ ಶಬ್ದವಿಲ್ಲ, ಆದರೆ ಅಪ್ಪ ಕೂಗುವುದು ನನಗೆ ಕೇಳಿಸುತ್ತಿತ್ತು: "ಏನಾದ್ರೂ ಮಾಡ್ರೋ! ಸುಮ್ನೆ ನಿಂತ್ಕೊಳ್ಳೋಕೆ ಇದೇನು ಫೋಟೋನಾ?" ಆಗ ಎಲ್ಲರೂ ಮಾಡುವುದು ಒಂದೇ, ಕೈ ಬೀಸುವುದು. ಕ್ರಿಸ್‌ಮಸ್ ಬಂದರೆ ಫಿಲ್ಮಿಗೆಂದು ಅಪ್ಪ ಹೊತ್ತಿಸುವ ಆ ನಾಲ್ಕು ಬಲ್ಬಿನ ದೀಪದ ಝಳಕ್ಕೆ ಇಡೀ ಮನೆಯವರು ಕಣ್ಣು ಕಿರಿದು ಮಾಡಿಕೊಂಡು ಕೈ ಬೀಸುವುದು. ಆಗ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ. ಈಗ ಮುಖ್ಯ ಬೀದಿಯಲ್ಲಿ ಅರ್ಧ ಅಂಗಡಿಗೆ ಬೀಗ, ಮಿಕ್ಕರ್ಧಕ್ಕೆ ಗಿರಾಕಿ ಇಲ್ಲ.

ನವೆಂಬರ್ 24ಕ್ಕೆ ಅಮ್ಮನಿಗೆ ಎಂಬತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಊರವರಿಗೆಲ್ಲ ಕಾಫಿ, ಕೇಕು. ಅಲ್ಲಿ ಈ ಫಿಲ್ಮುಗಳನ್ನು ತೋರಿಸುತ್ತೇನೆ. ನೀನು ಬರಬೇಕು. ಅಪ್ಪನ ಮಣ್ಣಿಗೆ ಬಂದು ಮೂರೇ ದಿನಕ್ಕೆ ಓಡಿಹೋದವಳು ನೀನು. ಏಳು ವರ್ಷವಾಯಿತು. ಇದೊಂದು ಸಲ ಇಲ್ಲ ಅನ್ನಬೇಡ.

ನಿನ್ನ
ಟ್ವೈಲಾ


ಟಕ್ಸನ್, ಅರಿಜೋನ
ಸೆಪ್ಟೆಂಬರ್ 20, 1991

ಟ್ವೈಲಾ,

ಕಾಗದ ಬಂತು. ಇಲ್ಲಿ ಇನ್ನೂ ನೂರು ಡಿಗ್ರಿ. ಸರಿ ಸರಿ, ಬಿಸಿಲಿನ ಮಾತು ಬಿಟ್ಟೆ.

ನಿನಗೆ ಸಂತೋಷವಾಗಿದ್ದರೆ ನನಗೂ ಸಂತೋಷ. ಆದರೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆ ಫಿಲ್ಮುಗಳಲ್ಲಿ ಯಾರೂ ಮಾತಾಡುವುದಿಲ್ಲ. ಅದಕ್ಕೇ ನಾವು ಅಷ್ಟು ಚೆನ್ನಾಗಿ ಕಾಣುವುದು. ಅಮ್ಮ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಾಗ ತೆಗೆದದ್ದು ಆ ಕಾರಿನ ಮೇಲಿನ ದೃಶ್ಯ. ಅಪ್ಪ ಕ್ಯಾಮೆರಾ ಎತ್ತಿದರೆ ಸಾಕು, ಎಲ್ಲರೂ ಹಲ್ಲು ಬಿಡುತ್ತಿದ್ದೆವು. ಅವನು ಕೆಳಗಿಟ್ಟ ಮೇಲೆ ಏನಾಗುತ್ತಿತ್ತು ಎಂಬುದಕ್ಕೆ ಸುರುಳಿ ಇಲ್ಲ.

ನವೆಂಬರಿನಲ್ಲಿ ಶಾಲೆಯ ಕಚೇರಿಯಲ್ಲಿ ನನಗೆ ರಜೆ ಸಿಗುವುದು ಕಷ್ಟ. ನೋಡೋಣ. ಅಮ್ಮನಿಗೆ ಒಂದು ಶಾಲು ಕಳಿಸುತ್ತೇನೆ.

ಆರ್ಡಿತ್


ಟಾರ್ನೆಸ್
ಸೆಪ್ಟೆಂಬರ್ 29, 1991

ಅಕ್ಕಾ,

ನಿನ್ನ ಹೋದ ಕಾಗದ ಓದಿ ಮೈಯೆಲ್ಲ ಉರಿದಿತ್ತು. ಎರಡು ಪುಟ ಬೈಗುಳ ಬರೆದಿಟ್ಟಿದ್ದೆ. ಈಗ ಅದನ್ನು ಹರಿದು ಹಾಕಿ ಕ್ಷಮೆ ಕೇಳಲು ಕೂತಿದ್ದೇನೆ.

ನಿನ್ನೆ ವರ್ನ್ ಅಪ್ಪನ ಮೀನಿನ ಗಾಳದ ಪೆಟ್ಟಿಗೆ ತೆಗೆದ. ತಳದಲ್ಲಿ ಇನ್ನೊಂದು ಸುರುಳಿ, ನಲವತ್ತೊಂದನೆಯದು. ಅದರ ಮೇಲೆ ದಿನಾಂಕ ಇಲ್ಲ, ಹೆಸರಿಲ್ಲ. ಓಡಿಸಿದರೆ 1958ರ ಕ್ರಿಸ್‌ಮಸ್! ನನ್ನ ಮುಂದಿನ ಎರಡು ಹಲ್ಲು ಬಿದ್ದ ವರ್ಷ, ಹಾಗಾಗಿ ಗುರುತು ತಪ್ಪುವುದಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ. ಆ ವರ್ಷ ಬಿಸ್ಮಾರ್ಕಿನ ಗುಡ್ರುನ್ ಅತ್ತೆ ಸೊಂಟ ಮುರಿದುಕೊಂಡಳೆಂದು ನೀನು ಶಾಲೆ ಬಿಟ್ಟು ನವೆಂಬರಿನಲ್ಲೇ ಅವಳ ಆರೈಕೆಗೆ ಹೋದೆ. ಕ್ರಿಸ್‌ಮಸ್‌ಗೆ ಬಂದೇ ಬರುತ್ತೀಯೆಂದು ನಾನು ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಇಡೀ ದಿನ ಕೂತಿದ್ದೆ. "ಅವ್ಳು ಬರಲ್ಲ ಕಣೆ, ಅತ್ತೆಗೆ ಎದ್ದು ಕೂತ್ಕೊಳ್ಳೋಕೂ ಆಗಲ್ಲ," ಅಂದಳು ಅಮ್ಮ. ನಿನಗೆಂದು ಹೆಣೆದಿದ್ದ ಕೈಗವಸನ್ನು ಸಿಟ್ಟಿಗೆ ನಾಯಿಗೆ ಕೊಟ್ಟುಬಿಟ್ಟೆ. ನನಗಿಂತ ನಿನಗೆ ಅತ್ತೆಯೇ ಹೆಚ್ಚಾದಳು ಅಂತ ನನ್ನ ಹೊಟ್ಟೆಯೊಳಗೆ ಒಂದು ಉರಿ ಕೂತಿತು. ನಗಬೇಡ, ಅದು ಇವತ್ತಿನವರೆಗೂ ಇತ್ತು. ನೀನು ಮದುವೆಗೆ ಬರದಿದ್ದಾಗ, ನನ್ನ ಮಕ್ಕಳ ಬ್ಯಾಪ್ಟಿಸಂಗೆ ಬರದಿದ್ದಾಗ, ಪ್ರತಿ ಸಲವೂ ನನಗೆ ಆ ಕಿಟಕಿಯೇ ನೆನಪಾಗುತ್ತಿತ್ತು.

ಆದರೆ ನೀನು ಬಂದಿದ್ದೆ! ಫಿಲ್ಮಿನಲ್ಲಿ ಇದ್ದೀಯ. ಕ್ರಿಸ್‌ಮಸ್ ಮರದ ಪಕ್ಕ, ಕತ್ತಲೆ ಮೂಲೆಯಲ್ಲಿ, ಅಮ್ಮನ ತಿಳಿ ಬಣ್ಣದ ಉದ್ದ ಕೋಟು ಹಾಕಿಕೊಂಡು, ಆಗತಾನೆ ಬಂದಿಳಿದವಳ ಹಾಗೆ ನಿಂತು ಕೈ ಬೀಸುತ್ತಿದ್ದೀಯ. ಮರದ ದೀಪಗಳು ನಿನ್ನ ಕೋಟಿನ ಮೇಲೂ ಮಿನುಗುತ್ತವೆ. ಮುಂದುಗಡೆ ನಾನು ಗೊಂಬೆಯ ಜಡೆ ಬಿಚ್ಚುತ್ತಾ ಕೂತಿದ್ದೇನೆ. ಅಲ್ಲಾ, ಅಕ್ಕ ಬಂದು ನಿಂತಿದ್ದಾಳೆ, ಈ ಕತ್ತೆ ಹಿಂದೆ ತಿರುಗಿಯೂ ನೋಡುವುದಿಲ್ಲ! "ಏನೋ ಮಸುಕು ಮಸುಕಾಗಿದೆಯಲ್ಲ," ಅಂದ ವರ್ನ್. ಮೂವತ್ತಮೂರು ವರ್ಷದ ಫಿಲ್ಮು, ಮಸುಕಾಗದೆ ಇರುತ್ತದೆಯೇ?

ನಾನು ಅತ್ತುಬಿಟ್ಟೆ ಅಕ್ಕ. ನನ್ನ ನೆನಪೇ ಸುಳ್ಳು, ನನ್ನ ಸಿಟ್ಟೇ ಸುಳ್ಳು. ಸುಮ್ಮಸುಮ್ಮನೆ ನಿನ್ನ ಮೇಲೆ ಇಷ್ಟು ವರ್ಷ ಮುಖ ಊದಿಸಿಕೊಂಡಿದ್ದೆನಲ್ಲ. ಕ್ಷಮಿಸು. ಅಮ್ಮನ ಹುಟ್ಟುಹಬ್ಬದಲ್ಲಿ ಕೊನೆಗೆ ಇದನ್ನೇ ತೋರಿಸುತ್ತೇನೆ. ಈಗಲಾದರೂ ಬರುತ್ತೀಯಲ್ಲ?

ನಿನ್ನ ಪೆದ್ದು ತಂಗಿ
ಟ್ವೈಲಾ


ಟಕ್ಸನ್
ಅಕ್ಟೋಬರ್ 9, 1991

ಪುಟ್ಟಿ,

ಬಂದಿದ್ದಿರಬಹುದು. ಒಂದೇ ದಿನದ ಮಟ್ಟಿಗೆ ಬಂದು ಹೋಗಿರಬೇಕು. ನನಗೂ ಸರಿಯಾಗಿ ನೆನಪಿಲ್ಲ. ನೀನು ಕ್ಷಮೆ ಕೇಳುವಂಥದ್ದು ಏನೂ ಇಲ್ಲ. ಕೈಗವಸು ನಾಯಿಗಾದರೂ ಬೆಚ್ಚಗಾಯಿತಲ್ಲ.

ಒಂದು ಉಪಕಾರ ಮಾಡು. ಆ ಸುರುಳಿಯನ್ನು ಯಾರಿಗೂ ತೋರಿಸಬೇಡ. ಅಮ್ಮನಿಗಂತೂ ಬೇಡವೇ ಬೇಡ. ಚೆನ್ನಾಗಿ ಸುತ್ತಿ ನನಗೆ ಕಳಿಸು. ಆ ವರ್ಷ ನನ್ನ ಕೂದಲು ನೋಡುವ ಹಾಗಿರಲಿಲ್ಲ, ಊರವರ ಮುಂದೆ ನನ್ನ ಮಾನ ಕಳೆಯಬೇಡ ಎಂದಿಟ್ಟುಕೋ. ಈ ವಾರವೇ ಕಳಿಸು.

ಆರ್ಡಿತ್


ಟಾರ್ನೆಸ್
ಅಕ್ಟೋಬರ್ 15, 1991

ಆರ್ಡಿತ್,

ನೆನಪಿಲ್ಲವಂತೆ! ಹದಿನೇಳು ವರ್ಷದ ಹುಡುಗಿ, ಹಿಮದಲ್ಲಿ ಇನ್ನೂರೈವತ್ತು ಮೈಲಿ ಬಸ್ಸಿನಲ್ಲಿ ಬಂದು ಮನೆಯವರನ್ನು ಬೆರಗುಗೊಳಿಸಿದ್ದು ನೆನಪಿಲ್ಲವಂತೆ. ನಾನು ಎದೆ ಬಿಚ್ಚಿ ನಾಲ್ಕು ಪುಟ ಬರೆದರೆ ನೀನು ಕೂದಲಿನ ವಿಷಯ ಬರೆಯುತ್ತೀಯ. ನಮ್ಮ ಜೊತೆ ಕಳೆದ ಒಂದು ಒಳ್ಳೆಯ ದಿನವನ್ನೂ ಇಟ್ಟುಕೊಳ್ಳಲು ನಿನಗೆ ಮನಸ್ಸಿಲ್ಲವೇ? ನಮ್ಮಲ್ಲಿ ಅಂಥ ಕೆಟ್ಟದ್ದೇನಿತ್ತು?

ನಿನ್ನ ಕಾಗದ ಬರುವ ಮೊದಲೇ ಅಮ್ಮನಿಗೆ ತೋರಿಸಿಯಾಗಿತ್ತು. ಭಾನುವಾರ ಪ್ರೊಜೆಕ್ಟರನ್ನು ಅವಳ ಫ್ಲ್ಯಾಟಿಗೇ ಹೊತ್ತುಕೊಂಡು ಹೋಗಿದ್ದೆ. ಸುರುಳಿ ಅರ್ಧ ನಿಮಿಷ ಓಡಿರಲಿಲ್ಲ, ಅಮ್ಮ ಕಾಫಿ ಲೋಟ ಕುಕ್ಕಿದಳು.

"ಆರಿಸು."

"ಯಾಕಮ್ಮ? ಇನ್ನೇನು ಅಕ್ಕ ಬರ್ತಾಳೆ ನೋಡು..."

"ಆರಿಸು ಅಂದ್ನಲ್ಲ! ಅದು ಕೆಟ್ಟೋಗಿರೋ ಫಿಲ್ಮು. ಇಲ್ಲಿ ಕೊಡು."

ಅಪ್ಪನ ನೆನಪು ಬಂದು ಸಂಕಟವಾಯಿತೇನೋ ಅಂದುಕೊಂಡು ಸುರುಳಿಯನ್ನು ಅವಳ ಕೈಗೇ ಕೊಟ್ಟು ಬಂದೆ. ಈಗ ನೀನೂ ಬೇಡ ಅನ್ನುತ್ತೀಯ. ತಾಯಿ ಮಗಳು ಇಬ್ಬರೂ ಒಂದೇ ಅಚ್ಚು. ನಾನು ಬಿಡುವವಳಲ್ಲ. ಅವಳಿಂದ ಈಸಿಕೊಂಡು ಹುಟ್ಟುಹಬ್ಬದ ದಿನ ತೋರಿಸಿಯೇ ತೋರಿಸುತ್ತೇನೆ. ನೀನು ಬಂದರೆ ಬಾ, ಬಿಟ್ಟರೆ ಬಿಡು.

ಟ್ವೈಲಾ


ಟಕ್ಸನ್
ಅಕ್ಟೋಬರ್ 20, 1991

ಟ್ವೈಲಾ,

ಈ ಕಾಗದವನ್ನು ಕೂತು ಓದು. ವರ್ನ್ ಮನೆಯಲ್ಲಿಲ್ಲದಾಗ ಓದು.

ನಾನು ಆ ಕ್ರಿಸ್‌ಮಸ್‌ಗೆ ಬಂದಿರಲಿಲ್ಲ. ಹೋದ ಕಾಗದದಲ್ಲಿ ನಿನಗೆ ಸುಳ್ಳು ಬರೆದೆ. ನೀನು ಅಷ್ಟು ಸಂತೋಷಪಟ್ಟಿದ್ದೆ, ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಹೇಳಲು ಹೆದರಿಕೆಯೂ ಆಯಿತು.

ಅಪ್ಪನ ಕ್ಯಾಮೆರಾದ ಫಿಲ್ಮು ಹೇಗೆ ಓಡುತ್ತಿತ್ತು ಗೊತ್ತೇ? ಅಗಲದಲ್ಲಿ ಅರ್ಧಕ್ಕೆ ಮಾತ್ರ ಚಿತ್ರ ಬೀಳುತ್ತಿತ್ತು. ಒಂದು ಸಲ ಓಡಿಸಿ, ಸುರುಳಿಯನ್ನು ತಿರುವಿ ಹಾಕಿ, ಇನ್ನರ್ಧಕ್ಕೆ ಮತ್ತೊಂದು ಸಲ ಓಡಿಸಬೇಕು. ಅಲ್ಲಿಗೆ ಮುಗಿಯಿತು. ಮರೆತು ಮೂರನೆಯ ಸಲ ಹಾಕಿದರೆ ಮೊದಲಿನ ಚಿತ್ರದ ಮೇಲೇ ಇನ್ನೊಂದು ಚಿತ್ರ ಕೂರುತ್ತದೆ. ನಾನು ಅಪ್ಪನ ಜೊತೆ ಬೆಳಕು ತಾಗದ ಹಾಗೆ ಕಂಬಳಿ ಮುಸುಕು ಹಾಕಿಕೊಂಡು ಎಷ್ಟು ಸುರುಳಿ ತಿರುವಿಲ್ಲ! ನೀನು ನೋಡಿದ್ದು ಎರಡು ದಿನ, ಒಂದರ ಮೇಲೊಂದು. ಕ್ರಿಸ್‌ಮಸ್ ಒಂದು. ಇನ್ನೊಂದು ನವೆಂಬರ್ ಎಂಟನೆಯ ತಾರೀಖು, ಅಪ್ಪ ನನ್ನನ್ನು ಸೇಂಟ್ ಪಾಲ್‌ಗೆ ಬಿಡಲು ಹೊರಟ ಬೆಳಗ್ಗೆ. ಕತ್ತಲೆ ಗ್ಯಾರೇಜಿನ ಬಾಗಿಲಲ್ಲಿ ತಿಳಿ ಬಣ್ಣದ ಕೋಟು ಹಾಕಿ ನಿಂತಿದ್ದೆ. ಕತ್ತಲೆ ಫಿಲ್ಮಿನ ಮೇಲೆ ಬೀಳುವುದಿಲ್ಲ, ಕೋಟು ಬೀಳುತ್ತದೆ. ಅದಕ್ಕೇ ನಿನ್ನ ಮರದ ಪಕ್ಕ ನಾನು ನಿಂತಂತೆ ಕಂಡದ್ದು.

ಅತ್ತೆಯ ಸೊಂಟಕ್ಕೆ ಏನೂ ಆಗಿರಲಿಲ್ಲ. ನನಗೆ ಆರು ತಿಂಗಳಾಗಿತ್ತು. ಮದುವೆಯಾಗದೆ ಬಸುರಾದ ಹುಡುಗಿಯರನ್ನು ಇಟ್ಟುಕೊಳ್ಳುವ ಮನೆಯೊಂದು ಸೇಂಟ್ ಪಾಲ್ ಪಟ್ಟಣದಲ್ಲಿತ್ತು. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ನನ್ನನ್ನು 'ಆನ್' ಅನ್ನುತ್ತಿದ್ದರು. ನಿನಗೆ ಕಾರ್ಡು ಬರೆದು ಅತ್ತೆಗೆ ಕಳಿಸುತ್ತಿದ್ದೆ, ಅವಳು ಬಿಸ್ಮಾರ್ಕಿನಿಂದ ಅಂಚೆಗೆ ಹಾಕುತ್ತಿದ್ದಳು. ಫೆಬ್ರವರಿಯಲ್ಲಿ ಗಂಡು ಮಗುವಾಯಿತು. ಐದು ದಿನ ಹಾಲು ಕೊಟ್ಟೆ. ಆರನೆಯ ದಿನ ಬಂದು ಎತ್ತಿಕೊಂಡು ಹೋದರು. ಮಾರ್ಚಿನಲ್ಲಿ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಹೇಳಿದಳು, "ಆಯ್ತಲ್ಲ, ಇನ್ನು ಆ ಮಾತು ಈ ಮನೇಲಿ ಎತ್ತೋ ಹಾಗಿಲ್ಲ." ಎತ್ತಲಿಲ್ಲ. ಮಗುವಿನ ಅಪ್ಪ ಯಾರು ಅಂತ ನೀನು ಕೇಳುತ್ತೀಯ. ಊರಲ್ಲೇ ಇದ್ದಾನೆ, ಭಾನುವಾರ ಚರ್ಚಿನಲ್ಲಿ ನಿನ್ನ ಕೈ ಕುಲುಕುತ್ತಾನೆ. ಅಷ್ಟು ಸಾಕು.

ನೀನು ಇನ್ನೊಂದು ಸಲ ಆ ನಲವತ್ತು ಸುರುಳಿ ನೋಡು. ಆ ವರ್ಷ ಆಗಸ್ಟ್ ಆದ ಮೇಲೆ ನಾನು ಎಲ್ಲೂ ಇಲ್ಲ. ಕ್ಯಾಮೆರಾ ಬಂದರೆ ಅಮ್ಮ ನನ್ನನ್ನು ಒಳಗೆ ಅಟ್ಟುತ್ತಿದ್ದಳು. ಹಾಗಿದ್ದ ಮೇಲೆ ಹೊರಡುವ ದಿನ ಯಾಕೆ ತೆಗೆದರು? ನಮ್ಮ ಮನೆಯಿಂದ ಯಾರು ಊರಿಗೆ ಹೊರಟರೂ ಅಪ್ಪ ಫಿಲ್ಮು ತೆಗೆಯುತ್ತಿದ್ದ. ಅದು ಬೀದಿಗೆಲ್ಲ ಗೊತ್ತು. ಎದುರು ಮನೆಯ ಮಿಸೆಸ್ ಟ್ವೀಟೆನ್ ಪರದೆ ಸರಿಸಿಕೊಂಡು ನಿಂತಿದ್ದಳು. ತೆಗೆಯದಿದ್ದರೆ ಏನೋ ಇದೆ ಅಂದುಕೊಳ್ಳುತ್ತಾಳೆ ಎಂದು ಅಮ್ಮನಿಗೆ ಭಯ. ಅಪ್ಪ ಹತ್ತಿರ ಬಂದು ಮೆಲ್ಲಗೆ ಅಂದ, "ಒಳಗೆ ಫಿಲ್ಮ್ ಹಾಕಿಲ್ಲ ಮಗಾ. ಸುಮ್ನೆ ಕೈ ಬೀಸು." ನಾನು ಬೀಸಿದೆ. ಇಷ್ಟು ವರ್ಷ ಅದು ಖಾಲಿ ಕ್ಯಾಮೆರಾ ಎಂದೇ ನಂಬಿದ್ದೆ.

ಈ ಏಪ್ರಿಲ್‌ನಲ್ಲಿ ನನ್ನ ಮಗ ನನ್ನನ್ನು ಹುಡುಕಿ ಕಾಗದ ಬರೆದ. ಲೊವೆಲ್ ಅಂತ ಹೆಸರು. ಫಾರ್ಗೋದಲ್ಲಿ ಮನೆ ಬೆಚ್ಚಗಿಡುವ ಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ಇಬ್ಬರು ಹೆಣ್ಣುಮಕ್ಕಳು. ಸಿಟ್ಟಿಲ್ಲ, ಆಪಾದನೆ ಇಲ್ಲ. ಒಂದೇ ಒಂದು ಕೇಳಿದ: "ನಾನು ನಿಮ್ಮ ಹೊಟ್ಟೆಯಲ್ಲಿದ್ದಾಗಿನ ಒಂದು ಫೋಟೋ ಆದರೂ ಇದೆಯೇ? ನಾನು ಅಲ್ಲಿದ್ದೆ ಅಂತ ಒಂದು ಸಲ ಕಣ್ಣಾರೆ ನೋಡಬೇಕು." ಇಲ್ಲ ಮಗು, ಇಲ್ಲದ ಹಾಗೆ ನೋಡಿಕೊಂಡರು ಎಂದು ಬರೆದೆ. ಅದನ್ನು ಬರೆದ ದಿನ ನಾನು ಕೆಲಸಕ್ಕೆ ಹೋಗಲಿಲ್ಲ.

ಈಗ ಇದೆ. ಪ್ರಪಂಚದಲ್ಲಿ ಒಂದೇ ಇದೆ, ಅದೂ ಅಮ್ಮನ ಕೈಯಲ್ಲಿ. ಅವಳು ಅದನ್ನು ಉಳಿಸುತ್ತಾಳೆ ಎಂದು ನನಗೆ ನಂಬಿಕೆ ಇಲ್ಲ. ಟ್ವೈಲಾ, ನಿನ್ನ ಕಾಲಿಗೆ ಬೀಳುತ್ತೇನೆ, ಈಗಲೇ ಹೋಗು. ಏನಾದರೂ ಸುಳ್ಳು ಹೇಳಿ ಈಸಿಕೋ.

ನಿನ್ನನ್ನು ಬಿಟ್ಟು ದೂರವಿದ್ದದ್ದು ನಿನ್ನ ಮೇಲಿನ ಬೇಸರಕ್ಕಲ್ಲ. ಆ ಮನೆಯಲ್ಲಿ ಅಮ್ಮ ಕಾಫಿ ಬಗ್ಗಿಸಿ ಹವಾಮಾನ ಮಾತಾಡುವುದನ್ನು ನನ್ನಿಂದ ತಡೆಯಲಾಗುತ್ತಿರಲಿಲ್ಲ.

ಆರ್ಡಿತ್


ಟಕ್ಸನ್
ನವೆಂಬರ್ 9, 1991

ಟ್ವೈಲಾ,

ಮೂರು ವಾರವಾಯಿತು. ನಿಮ್ಮ ಕಡೆ ಹ್ಯಾಲೊವೀನ್ ದಿನ ಮೂರಡಿ ಹಿಮ ಬಿತ್ತೆಂದು ಟಿವಿಯಲ್ಲಿ ನೋಡಿದೆ. ಅಂಚೆ ನಿಂತಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ನಾಲ್ಕು ಸಲ ಫೋನ್ ಮಾಡಿದೆ. ವರ್ನ್ ಎತ್ತಿ, "ಹಿಮ ಎತ್ತಿ ಹಾಕೋಕೆ ಹೋಗಿದಾಳೆ," ಅಂದ. ನಾಲ್ಕು ಸಲವೂ ನೀನು ಹಿಮ ಎತ್ತಲು ಹೋಗಿದ್ದೆ.

ನನ್ನನ್ನು ಅಸಹ್ಯ ಎನ್ನಬೇಕೆಂದರೆ ಅನ್ನು. ಆದರೆ ಸುರುಳಿ ಇದೆಯೋ ಇಲ್ಲವೋ, ಒಂದು ಸಾಲು ಬರೆ. ಇಲ್ಲ ಅಂತಾದರೂ ಬರೆ.

ಆರ್ಡಿತ್


ಟಾರ್ನೆಸ್
ನವೆಂಬರ್ 25, 1991

ಅಕ್ಕಾ,

ಹಿಮ ಬರೀ ನೆವ. ಎರಡೇ ದಿನದಲ್ಲಿ ಅಂಚೆ ಓಡುತ್ತಿತ್ತು, ಓಡಿಸಿದವಳೇ ನಾನು. ಬರೆಯಲು ಕೂತರೆ ಕೈ ಬರಲಿಲ್ಲ. ಮೊದಲು ನಿನ್ನ ಮೇಲೆ ಸಿಟ್ಟು ಬಂತು, ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟೆಯಲ್ಲ ಅಂತ. ಆಮೇಲೆ ನೀನು ಕಳಿಸಿದ ಹಳೆಯ ಕಾರ್ಡುಗಳನ್ನು ತೆಗೆದು ನೋಡಿದೆ. ನಾಲ್ಕನ್ನೂ ಇಟ್ಟುಕೊಂಡಿದ್ದೇನೆ. ಮೂರಕ್ಕೆ ಬಿಸ್ಮಾರ್ಕಿನ ಮುದ್ರೆ. ನಾಲ್ಕನೆಯದಕ್ಕೆ ಸೇಂಟ್ ಪಾಲ್. ಇಪ್ಪತ್ತೆರಡು ವರ್ಷದಿಂದ ಅಂಚೆ ಮುದ್ರೆ ನೋಡುವುದೇ ನನ್ನ ಹೊಟ್ಟೆಪಾಡು, ಆ ಕಾರ್ಡಿನ ಮುದ್ರೆ ಮಾತ್ರ ಒಂದು ದಿನವೂ ನೋಡಿರಲಿಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಅಮ್ಮನ ಹತ್ತಿರ ಮೂರು ಸಲ ಹೋದೆ. ಮೊದಲ ಸಲ, "ಎಸೆದೆ." ಎರಡನೆಯ ಸಲ, "ಯಾವ ಫಿಲ್ಮು?" ಮೂರನೆಯ ಸಲ ಲೊವೆಲ್‌ನ ವಿಷಯ ಬಾಯಿಬಿಟ್ಟು ಹೇಳಿದೆ. ಎದ್ದು ಹೋಗಿ ಸಿಂಕು ತಿಕ್ಕತೊಡಗಿದಳು. ಎಸೆದೇಬಿಟ್ಟಿದ್ದಾಳೆ ಅಂತ ನನಗೆ ಖಾತ್ರಿಯಾಯಿತು. ಅದನ್ನು ನಿನಗೆ ಬರೆಯುವ ಧೈರ್ಯ ನನಗಿರಲಿಲ್ಲ. ಕೈಯಾರೆ ಕೊಟ್ಟು ಬಂದವಳು ನಾನೇ ಅಲ್ಲವೇ.

ನಿನ್ನೆ ಹುಟ್ಟುಹಬ್ಬ ಆಯಿತು. ಪ್ರೊಜೆಕ್ಟರಿನ ಬಲ್ಬು ಹೋಯಿತು ಎಂದು ಹೇಳಿ ಯಾವ ಫಿಲ್ಮೂ ತೋರಿಸಲಿಲ್ಲ. "ಆ ಕಾಲ ಎಷ್ಟು ಚೆನ್ನಾಗಿತ್ತು, ನೋಡ್ಬಹುದಿತ್ತು," ಎಂದು ಎಲ್ಲರೂ ಪೇಚಾಡಿದರು. ನೂರ ಹತ್ತು ಜನ. ಪ್ರತಿಯೊಬ್ಬ ಗಂಡಸಿನ ಕೈ ಕುಲುಕುವಾಗಲೂ ಮುಖ ನೋಡಿದೆ. ಯಾರು ಅಂತ ಯಾವತ್ತೂ ನನಗೆ ಹೇಳಬೇಡ. ನಾನು ಈ ಊರಲ್ಲಿ ಬದುಕಬೇಕು.

ಸಾಯಂಕಾಲ ಅಮ್ಮನನ್ನು ಮನೆಗೆ ಬಿಟ್ಟು, ಮಿಕ್ಕ ಲೆಫ್ಸೆ ರೊಟ್ಟಿ ಒಳಗಿಡಲು ಫ್ರೀಜರ್ ತೆಗೆದೆ. "ಕೆಳಗಡೆ ಮುಟ್ಬೇಡ," ಅಂದಳು. ಅಂದ ಮೇಲೆ ನಾನು ಮುಟ್ಟದೆ ಇರುತ್ತೇನೆಯೇ? ರೂಬಾರ್ಬ್ ದಂಟಿನ ಚೀಲಗಳ ಅಡಿಯಲ್ಲಿ, ಬ್ರೆಡ್ಡಿನ ಕವರಿನಲ್ಲಿ ಸುತ್ತಿದ ಸುರುಳಿ. ಕೈಯಲ್ಲಿ ಹಿಡಿದುಕೊಂಡು ತಿರುಗಿದರೆ ಅಮ್ಮ ಕುರ್ಚಿಯಲ್ಲಿ ಕುಸಿದಿದ್ದಳು. ಆಮೇಲೆ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

"ಅವತ್ತು ಕ್ಯಾಮೆರಾ ಒಳಗೆ ಫಿಲ್ಮ್ ಇರೋದು ನಂಗೊತ್ತಿರ್ಲಿಲ್ಲ ಕಣೆ. ಡಿಸೆಂಬರ್‌ನಲ್ಲಿ ನಿಮ್ಮಪ್ಪ ಬಾಯಿ ಬಿಟ್ಟ. ಹೊರಗೆ ತೊಳೆಯೋಕೆ ಕಳಿಸಿದ್ರೆ ಯಾರ್ಯಾರು ನೋಡ್ತಾರೋ, ಭಾನುವಾರ ನಿಮ್ಮ ಚಿಕ್ಕಪ್ಪನ ಮನೆಯವ್ರೆಲ್ಲ ಬಂದಾಗ ಹಾಕು ಅಂದ್ರೆ ಏನ್ ಮಾಡ್ಲಿ? ಎಸಿ ಅಂದೆ. ಫಿಲ್ಮ್ ಎಸೀಬಾರ್ದು ಅಂದ. ಹಂಗಾದ್ರೆ ಅದರ ಮೇಲೇ ಕ್ರಿಸ್‌ಮಸ್ ತೆಗಿ, ಅವ್ಳು ಅಳಿಸಿ ಹೋಗ್ಲಿ ಅಂದೆ. ಸರಿ ಅಂದ. ತೊಳೆದು ಬಂದ ಮೇಲೆ ನೋಡ್ತೀನಿ, ಅವ್ಳು ಮನೆ ನಡುವೆ ನಿಂತ್ಕೊಂಡು ನಂಗೆ ಕೈ ಬೀಸ್ತಿದಾಳೆ! ಹೋಗ್ಲೇ ಇಲ್ಲ."

ಅಕ್ಕ, ಅಮ್ಮ ಸ್ಲೇಟಿನ ಬರಹದ ಹಾಗೆ ಅಳಿಸುತ್ತದೆ ಎಂದುಕೊಂಡಿದ್ದಳು. ಆದರೆ ಅಪ್ಪ? ಸಾವಿರ ಸಲ ಸುರುಳಿ ತಿರುವಿದವನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಸರಿ ಅಂದಿದ್ದಾನೆ. ಫಿಲ್ಮ್ ಹಾಕಿಲ್ಲ ಅಂತ ನಿನಗೆ ಸುಳ್ಳು ಹೇಳಿದ್ದೂ ಅದಕ್ಕೇ. ನಿನ್ನನ್ನು ಉಳಿಸಿಕೊಂಡಿದ್ದ, ಗಾಳದ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ. ಅವನು ನಿನ್ನನ್ನು ಎಷ್ಟು ಪ್ರೀತಿಸುತ್ತಿದ್ದ ನೋಡು. ಅಷ್ಟಾದರೂ ನಿನಗೆ ಸಮಾಧಾನವಾಗಲಿ.

ಈಗ ಯಾಕೆ ಸುಡಲಿಲ್ಲ ಎಂದು ಅಮ್ಮನನ್ನು ಕೇಳಿದೆ. "ಗೊತ್ತಿಲ್ಲ," ಅಂದಳು. ನಾನು ಕೋಟು ಹಾಕಿಕೊಂಡು ಹೊರಟಾಗ ಗೋಡೆ ನೋಡುತ್ತಾ ಕೇಳಿದಳು, "ಆ ಹುಡುಗ ಯಾರ ಥರ ಇದಾನಂತೆ?"

ಸುರುಳಿ ಇದರ ಜೊತೆಗೇ ಇದೆ. ನಾನೇ ಸುತ್ತಿ, ನಾನೇ ಮುದ್ರೆ ಒತ್ತಿದ್ದೇನೆ.

ಟ್ವೈಲಾ


ಫಾರ್ಗೋ, ನಾರ್ತ್ ಡಕೋಟ
ಡಿಸೆಂಬರ್ 15, 1991

ಪುಟ್ಟಿ,

ಊರಿನ ಹೆಸರು ನೋಡಿ ಹೌಹಾರಬೇಡ. ಹೌದು, ನಿನ್ನಿಂದ ಮೂರು ಗಂಟೆಯ ದಾರಿಯಲ್ಲಿದ್ದೇನೆ. ಟಾರ್ನೆಸ್‌ಗೆ ಈ ಸಲ ಬರುವುದಿಲ್ಲ. ನೀನು ಶನಿವಾರ ಇಲ್ಲಿಗೆ ಬಾ. ಒಬ್ಬಳೇ ಬಾ. ಅವನು ಯಾರ ಥರ ಇದ್ದಾನೆ ಎಂದು ತಿಳಿಯಬೇಕಾದರೆ ಅಮ್ಮ ನನ್ನನ್ನೇ ಕೇಳಲಿ. ಫೋನ್ ನಂಬರ್ ಕವರಿನ ಹಿಂದೆ ಬರೆದಿದ್ದೇನೆ. ಅವಳು ಕೇಳಿದರೆ ಹೇಳುತ್ತೇನೆ. ಹವಾಮಾನ ಶುರು ಮಾಡಿದರೆ ಇಡುತ್ತೇನೆ.

ಅಪ್ಪನ ವಿಷಯ ನೀನು ಬರೆದದ್ದನ್ನು ಹತ್ತು ಸಲ ಓದಿದೆ. ಅವನಿಗೆ ಗೊತ್ತಿತ್ತು, ನಿಜ. ಮೊದಲು ನಾನೂ ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಸೇಂಟ್ ಪಾಲ್‌ವರೆಗೆ ನಾಲ್ಕು ಗಂಟೆ ನಾನು ಅವನ ಪಕ್ಕದಲ್ಲಿ ಕೂತಿದ್ದೆ. ಅವನು ಒಂದು ಮಾತೂ ಆಡಲಿಲ್ಲ. ಕಾರು ಹಿಂದಕ್ಕೆ ತಿರುಗಿಸಬಹುದಿತ್ತು ಟ್ವೈಲಾ. ಫಿಲ್ಮನ್ನು ಉಳಿಸಿದ, ನಮ್ಮನ್ನಲ್ಲ. ಇದಕ್ಕೆ ಪ್ರೀತಿ ಅಂತ ಹೆಸರಿಡುವುದಾದರೆ ಇಡು. ನನಗೆ ಸಮಾಧಾನವಾಗಲಿಲ್ಲ.

ನಿನ್ನೆ ಊಟವಾದ ಮೇಲೆ ಲೊವೆಲ್ ಯಾರದೋ ಹತ್ತಿರ ಪ್ರೊಜೆಕ್ಟರ್ ಕೇಳಿ ತಂದ. ಹೆಂಡತಿ ಮಕ್ಕಳನ್ನು ಅವಳ ತವರಿಗೆ ಕಳಿಸಿದ್ದ. ಅಡುಗೆಮನೆಯ ಗೋಡೆಯ ಮೇಲೆ ಹಾಕಿದೆವು. ಒಟ್ಟು ಎರಡು ನಿಮಿಷ, ಅದರಲ್ಲಿ ನಾನು ಇರುವುದು ಹನ್ನೊಂದು ಸೆಕೆಂಡು. ಅವನು ನೋಡಿದ. ಮತ್ತೆ ಹಾಕಿ ಅಂದ. ಮತ್ತೆ ಹಾಕಿದೆ. ಎಷ್ಟು ಸಲವೋ ನೆನಪಿಲ್ಲ. ದೊಡ್ಡ ಕೋಟು, ಒಳಗೆ ಏನಿದೆ ಎಂದು ಕಾಣದ ಹಾಗೆ ಅಮ್ಮ ಕತ್ತಿನವರೆಗೂ ಗುಂಡಿ ಹಾಕಿ ಕಳಿಸಿದ್ದಳು. ನೋಡಲು ಏನೂ ಇಲ್ಲ ಅನ್ನಿಸಿ ನನಗೆ ಅಳು ಬಂತು. ಅಷ್ಟು ದೂರದಿಂದ ಹೊತ್ತುಕೊಂಡು ಬಂದು ಅವನಿಗೆ ಒಂದು ಕೋಟು ತೋರಿಸುತ್ತಿದ್ದೇನೆ ಅಂದುಕೊಂಡೆ.

ಅವನು ಎದ್ದು ಗೋಡೆಯ ಹತ್ತಿರ ಹೋದ. ನನ್ನ ಹದಿನೇಳು ವರ್ಷದ ಮುಖ ಅವನ ಅಂಗಿಯ ಮೇಲೆ ಬಿತ್ತು.

"ಒಂದು ಕೈ ಬೀಸ್ತಿದೀರಿ," ಅಂದ. "ಇನ್ನೊಂದು ಕೈ ಎಲ್ಲಿ? ಕೋಟಿನ ತೋಳು ಖಾಲಿ ನೇತಾಡ್ತಿದೆ."

"ಕೋಟಿನ ಒಳಗಿದೆ," ಅಂದೆ.

"ಚಳಿಗಾ?"

"ಅಲ್ಲ ಕಣಪ್ಪ," ಅಂದೆ. "ನಿನ್ ಮೇಲಿದೆ."

ಆರ್ಡಿತ್